ಮರದ ಪೊಟರೆಯಲ್ಲಿ ಹೊಳೆಯ ಬೂಷ್ಟು ಹುಡುಕೋದು ಹೇಗೆ?

ಬೂಷ್ಟು ಅಂದ್ರೆ ಹಳೇ ಬ್ರೆಡ್ಡು, ಮಳೆಗಾಲದ ಲೆದರ್ ಚಪ್ಪಲಿ ನೆನಪಾಗುತ್ತೆ ಅಲ್ವಾ. ಆದ್ರೆ ಹರಿಯೋ ಹಳ್ಳಕ್ಕೆ ಬಿದ್ದ ಎಲೆ ಮೇಲೇ ಬದುಕೋ ಬೂಷ್ಟಿನ ಜಾತಿಗಳೂ ಇವೆ. 1942ರಲ್ಲಿ ಇಂಗ್ಲೆಂಡಿನ ಇಂಗೋಲ್ಡ್ ಅನ್ನೋ ವಿಜ್ಞಾನಿ ತೊರೆಯಲ್ಲಿ ಕೊಳೀತಿದ್ದ ಆಲ್ಡರ್ ಮರದ ಎಲೆಗಳ ಮೇಲೆ ಇವನ್ನ ಕಂಡು ಬರೆದ್ರು, ಅದಕ್ಕೇ ಇಂಗೋಲ್ಡಿಯನ್ ಶಿಲೀಂಧ್ರ ಅಂತ ಹೆಸರು. ಮಜಾ ಏನಂದ್ರೆ ಪೊಟರೆಯಲ್ಲಿ ನಿಂತ ಮಳೆನೀರಲ್ಲೂ ಇವು ಸಿಗ್ತವೆ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತವರ ಜೊತೆಯವರು ಕರಾವಳಿ, ಪಶ್ಚಿಮಘಟ್ಟದ ಪೊಟರೆಗಳಲ್ಲೇ ಹುಡುಕಿ ತೋರಿಸಿದ್ದಾರೆ.

ನೋಡೋಕೆ ಕಾಲೇಜು ಲ್ಯಾಬಿನ ಸಾದಾ ಮೈಕ್ರೋಸ್ಕೋಪ್ ಸಾಕು.

ಮೊದಲು ಹಳ್ಳದ ನೊರೆಯಿಂದ ಶುರು ಮಾಡಿ, ಸುಲಭ. ಮಳೆ ಹಿಡಿದ ಮೇಲೆ ಸಣ್ಣ ಅಬ್ಬಿ ಕೆಳಗೆ, ಅಡ್ಡ ಬಿದ್ದ ದಿಮ್ಮಿ ಪಕ್ಕ ಕಂದು ನೊರೆ ಕಟ್ಟಿರುತ್ತೆ, ಬೂಷ್ಟಿನ ಬೀಜಕಣಗಳು (ಸ್ಪೋರ್) ಅದಕ್ಕೆ ಸಿಕ್ಕಿಹಾಕ್ಕೊಂಡಿರ್ತವೆ. ಚಮಚದಲ್ಲಿ ಕೆನೆ ತೆಗೆದ ಹಾಗೆ ತೆಗೆದು ಬಾಟಲಿಗೆ ಹಾಕಿ. ಬಟ್ಟೆ ಒಗೆಯೋ ಕಡೆದು ಬೇಡ, ಅದು ಸೋಪಿನ ನೊರೆ. ಇಂಬಳ ಇರುತ್ತೆ, ಕಾಲು ನೋಡ್ಕೊಳ್ಳಿ. ಅವತ್ತೇ ನೋಡಿಬಿಡಿ, ಯಾಕಂದ್ರೆ ಈ ಕಣಗಳು ಕೆಲವೇ ಗಂಟೆಯಲ್ಲಿ ಮೊಳಕೆ ಒಡೆದುಬಿಡ್ತವೆ, ಆಮೇಲೆ ಆಕಾರ ಗುರುತು ಸಿಗಲ್ಲ.

ಪೊಟರೆದು ಸ್ವಲ್ಪ ತಾಳ್ಮೆ ಕೆಲಸ. ಮೊದಲು ಕಡ್ಡಿ ಆಡಿಸಿ, ಹಾವು ಚೇಳು ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಳಗೆ ನೆನೆದು ಕಪ್ಪಾದ ಎಲೆ ನಾಕೈದು ತೆಗೀರಿ. ಮನೇಲಿ ಮೆಲ್ಲಗೆ ತೊಳೆದು ತುಂಡು ಮಾಡಿ, ಕುದಿಸಿ ಆರಿಸಿದ ನೀರು ಒಂದು ಲೋಟದಷ್ಟು ಇರೋ ಗಾಜಿನ ಜಾಡಿಗೆ ಹಾಕಿ, ಮೀನಿನ ಟ್ಯಾಂಕಿನ ಏರ್ ಪಂಪ್ ಪೈಪು ಇಳಿಬಿಟ್ಟು ಒಂದೆರಡು ದಿನ ಗುಳುಗುಳು ಅನ್ನಿಸಿ. ನೀರು ಕದಡ್ತಾ ಇದ್ರೆ ಬೂಷ್ಟಿಗೆ ಹಳ್ಳಕ್ಕೆ ಬಂದ ಹಾಗಾಗಿ ಬೀಜಕಣ ಬಿಡೋಕೆ ಶುರು ಮಾಡುತ್ತೆ, ಇದೇ ಇಲ್ಲಿನ ಗುಟ್ಟು.

ಈಗ ಮೇಲಿನ ಗುಳ್ಳೆಯಿಂದ ಒಂದು ಹನಿ ಸ್ಲೈಡಿಗೆ. 100 ಪಟ್ಟು ಸಾಕು, ಬೇಕಾದ್ರೆ ಕಣ ಎದ್ದು ಕಾಣೋಕೆ ಲ್ಯಾಬಿನ ಕಾಟನ್ ಬ್ಲೂ ಬಣ್ಣ ಹಾಕಿ. ಗುಂಡಗಿನ ಕಣ ಬಿಡಿ, ನಾಲ್ಕು ಕೈ ಚಾಚಿದ್ದು ಹುಡುಕಿ, ನೆಗ್ಗಿನಮುಳ್ಳಿನ ಹಾಗೆ: ಟ್ರೈಸೆಲೋಫೋರಸ್ ಅನ್ನೋ ಬೂಷ್ಟಿನ ಕಣ ಇಂಥದ್ದೇ. ಹಾವುಮೀನಿನ ಹಾಗೆ ಬಳುಕಿದ್ದು ಕಂಡ್ರೆ ಆಂಗ್ವಿಲ್ಲೋಸ್ಪೋರ ಅನ್ನೋ ಇನ್ನೊಂದು ಬೂಷ್ಟಿನದ್ದು ಇರಬಹುದು. ನಾಲ್ಕು ಕೈ ಯಾಕಂದ್ರೆ, ಹರಿಯೋ ನೀರಲ್ಲಿ ಹೇಗೆ ಉರುಳಿದ್ರೂ ಮೂರು ತುದಿ ಎಲೆಗೆ ತಾಗಿ ಮುಕ್ಕಾಲಿ ಥರ ಊರ್ಕೊಳ್ಳುತ್ತೆ. ನಿಂತ ನೀರಿನ ಪೊಟರೆಯಲ್ಲಿ ಈ ಆಕಾರಕ್ಕೆ ಏನು ಕೆಲಸ ಅಂತೀರಾ? ಮಳೆ ಬಂದಾಗ ತೊಗಟೆ ಮೇಲೆ ಇಳಿಯೋ ನೀರೂ ಒಂದು ಸಣ್ಣ ಹಳ್ಳವೇ ತಾನೇ.

ಹಾಂ, ಜಾಡಿ ನೀರನ್ನ ಹಾಗೇ ಬಿಡಬೇಡಿ, ಗಿಡದ ಬುಡಕ್ಕೆ ಚೆಲ್ಲಿ. ಪೊಟರೆ ನೀರಲ್ಲಿ ಸೊಳ್ಳೆ ಮರಿ ಗ್ಯಾರಂಟಿ.