ಸ್ಕ್ರಮ್ಮೋ, ಕಾನ್‌ಬಾನೋ? ಮೊದಲು ಎರಡು ವಾರ ಲೆಕ್ಕ ಬರೆಯಿರಿ

ಬಳ್ಳಾರಿಯ ಜೀನ್ಸ್ ಘಟಕಗಳನ್ನು ನೋಡಿದವರಿಗೆ ಈ ದೃಶ್ಯ ಗೊತ್ತು. ಕಟಿಂಗ್ ಆಗಿದೆ, ಹೊಲಿಗೆಯೂ ಆಗಿದೆ, ಆದರೆ ವಾಷಿಂಗ್‌ಗೆ ಹೋಗಬೇಕಾದ ಪ್ಯಾಂಟುಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿವೆ. ಹೊಲಿಯಲು ಇನ್ನೂ ನಾಲ್ಕು ಜನರನ್ನು ಕರೆತಂದರೆ ಗುಡ್ಡೆ ಬೆಳೆಯುತ್ತದೆ, ಮಾಲು ಬೇಗ ಲಾರಿ ಹತ್ತುವುದಿಲ್ಲ. ಸಾಫ್ಟ್‌ವೇರ್ ತಂಡದಲ್ಲೂ ಈ ಗುಡ್ಡೆ ಇರುತ್ತದೆ. ಕಣ್ಣಿಗೆ ಬೀಳಲ್ಲ, ಅಷ್ಟೆ.

ನಮ್ಮದು ಐದು ಜನರ ತಂಡ. ಇಂಥ ಘಟಕಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಲ್ಲರೂ ಮಾಡ್ತಾರೆ ಅಂತ ನಾವೂ ಸ್ಕ್ರಮ್ ಹಿಡಿದೆವು, ಅಂದರೆ ಕೆಲಸವನ್ನು ಚಿಕ್ಕ ಕಂತುಗಳಾಗಿ ಮೊದಲೇ ಯೋಜಿಸಿ ಮುಗಿಸುವ ಪದ್ಧತಿ. ಸೋಮವಾರ ಕೂತು ಎರಡು ವಾರದ ಕೆಲಸ ಪಟ್ಟಿ ಮಾಡುವುದು. ಮಂಗಳವಾರ ಫೋನು: "ಅಣ್ಣಾ, ಬಿಲ್ಲು ಬರವಲ್ದು, ಲಾರಿ ನಿಂತೈತಿ." ಪಟ್ಟಿ ಅಲ್ಲಿಗೇ ಮುಗಿಯಿತು. ತಪ್ಪು ಸ್ಕ್ರಮ್‌ನದಲ್ಲ. ನಮಗೆ ಕೆಲಸ ಹೇಗೆ ಬರುತ್ತದೆ ಎಂದು ನಾವೇ ನೋಡಿರಲಿಲ್ಲ.

ಆದ್ದರಿಂದ ಮೊದಲ ಹೆಜ್ಜೆ, ಒಂದು ನೋಟ್‌ಬುಕ್. ಎರಡು ವಾರ ಪ್ರತಿ ಕೆಲಸಕ್ಕೂ ಬರೆಯಿರಿ: ಯಾವತ್ತು ಬಂತು, ಯಾವತ್ತು ಕೈಗೆತ್ತಿಕೊಂಡಿರಿ, ಯಾವತ್ತು ಮುಗಿಯಿತು. ಸೋಮವಾರವೇ ಗೊತ್ತಿದ್ದ ಕೆಲಸ ಎಷ್ಟು, ನಡುವೆ ನುಗ್ಗಿದ್ದು ಎಷ್ಟು ಎಂದು ಎಣಿಸಿ. ನಮ್ಮಲ್ಲಿ ನುಗ್ಗಿದ್ದೇ ಜಾಸ್ತಿ.

ಈಗ ಆಯ್ಕೆ. ಏನು ಬೇಕೆಂದು ಮೊದಲೇ ಬರೆದು ಸಹಿ ಹಾಕಿದ, ಬದಲಾಗದ ಕೆಲಸವಾದರೆ ಹಂತ ಹಂತವಾಗಿ ಇಳಿಯುವ ವಾಟರ್‌ಫಾಲ್ ಸಾಕು. ಆದರೆ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಅಪಾಯ ಎಂದು ಸಾಫ್ಟ್‌ವೇರ್ ಎಂಜಿನಿಯರ್ ವಿನ್‌ಸ್ಟನ್ ರಾಯ್ಸ್ 1970ರಲ್ಲೇ ಎಚ್ಚರಿಸಿದ್ದರು. ಹೊಸ ಆ್ಯಪ್ ಕಟ್ಟುತ್ತಿದ್ದೀರಿ, ಗಿರಾಕಿ ತೋರಿಸಿದ್ದನ್ನು ನೋಡಿ ಮನಸ್ಸು ಬದಲಿಸುತ್ತಾರೆ, ಆದರೆ ಒಂದೆರಡು ವಾರ ನಿಮ್ಮನ್ನು ಸುಮ್ನೆ ಬಿಡುತ್ತಾರೆ ಎಂದಾದರೆ ಸ್ಕ್ರಮ್. ಅದರಲ್ಲಿ ಒಂದು ಸ್ಪ್ರಿಂಟ್, ಅಂದರೆ ಕೆಲಸದ ಒಂದು ಕಂತು, ತಿಂಗಳು ಮೀರುವಂತಿಲ್ಲ, ದಿನದ ಮೀಟಿಂಗ್ 15 ನಿಮಿಷ. ಫೋನು ಬಂದಂತೆ ಕೆಲಸ ಬರುವ ನಮ್ಮಂಥವರಿಗೆ ಕಾನ್‌ಬಾನ್. ಟೊಯೊಟಾ ಕಾರ್ಖಾನೆಯಲ್ಲಿ ಹುಟ್ಟಿದ ಪದ್ಧತಿ ಅದು. ಕೈಯಲ್ಲಿರುವುದು ಮುಗಿದು ಜಾಗ ಖಾಲಿಯಾದ ಮೇಲೇ ಮುಂದಿನ ಕೆಲಸವನ್ನು ಎಳೆದುಕೊಳ್ಳಬೇಕು.

ಗುಟ್ಟೆಲ್ಲ ಇರುವುದು ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವುದರಲ್ಲಿ. ಲೆಕ್ಕ ಸುಲಭ. ಕೈಯಲ್ಲಿ 12 ಕೆಲಸ, ವಾರಕ್ಕೆ ಮುಗಿಯುವುದು 4 ಎಂದಾದರೆ ಒಂದು ಕೆಲಸ ಮುಗಿಯಲು ಸರಾಸರಿ 3 ವಾರ. ಕೈಯಲ್ಲಿ 6 ಮಾತ್ರ ಇಟ್ಟುಕೊಂಡು ಅದೇ ವೇಗದಲ್ಲಿ ಮುಗಿಸಿದರೆ ಒಂದೂವರೆ ವಾರ. ಯಾರೂ ಜಾಸ್ತಿ ದುಡಿಯಲಿಲ್ಲ, ಅಲ್ವಾ? ಲಿಟಲ್ ನಿಯಮ ಎನ್ನುವುದು ಇದಕ್ಕೇ.

ಕೆಲಸದ ಪಟ್ಟಿ ಇಡುವ ಜಿರಾ, ಟ್ರೆಲ್ಲೊದಂಥ ಸಾಫ್ಟ್‌ವೇರ್ ಆಮೇಲೆ ಕೊಳ್ಳಿ. ಮೊದಲು ಗೋಡೆ ಸಾಕು. ಮಾಡಬೇಕು, ಮಾಡ್ತಿದ್ದೇವೆ, ಟೆಸ್ಟಿಂಗ್, ಮುಗೀತು ಎಂದು ನಾಲ್ಕು ಪಟ್ಟಿ ಎಳೆದು ಒಂದು ಕೆಲಸಕ್ಕೊಂದು ಚೀಟಿ ಅಂಟಿಸಿ. (ಬೇಸಿಗೆಯಲ್ಲಿ ಫ್ಯಾನ್ ಫುಲ್ ಇಟ್ಟಾಗ ನಮ್ಮ ಚೀಟಿಗಳು ಟೇಬಲ್ ಕೆಳಗೆ ಸಿಗುತ್ತಿದ್ದವು. ಪಿನ್ ಬೋರ್ಡ್ ತನ್ನಿ.) ಎರಡೇ ದಿನಕ್ಕೆ ನಮ್ಮ ಗುಡ್ಡೆ ಕಂಡಿತು: ಟೆಸ್ಟಿಂಗ್. ನಾಲ್ವರು ಕೋಡ್ ಬರೆಯುತ್ತಿದ್ದರು, ನೋಡುವವಳು ಒಬ್ಬಳೇ.

ಅಲ್ಲಿ ಎರಡೇ ಚೀಟಿ ಎಂದು ಮಿತಿ ಹಾಕಿದೆವು. ಜಾಗ ತುಂಬಿದರೆ ಕೋಡ್ ಬರೆಯುವವರು ಹೊಸದನ್ನು ಹಿಡಿಯುವಂತಿಲ್ಲ, ಎದ್ದು ಬಂದು ಟೆಸ್ಟಿಂಗ್‌ಗೆ ಕೈಜೋಡಿಸಬೇಕು. "ಅದು ನನ್ನ ಕೆಲಸ ಅಲ್ಲ" ಎಂಬ ಮುಖ ಒಂದು ವಾರ ಇತ್ತು. ಆಮೇಲೆ ಅದೇ ಹುಡುಗರು ತಮ್ಮ ತಪ್ಪು ತಾವೇ ಹಿಡಿಯತೊಡಗಿದರು.

ಇನ್ನು ಲಾರಿ ನಿಂತ ಫೋನಿಗೆ ಕೆಂಪು ಚೀಟಿ. ಅದು ಸಾಲು ಮುರಿದು ಮುಂದೆ ಹೋಗಬಹುದು, ಆದರೆ ಬೋರ್ಡ್ ಮೇಲೆ ಒಂದೇ ಇರಬೇಕು. ಎರಡನೆಯದು ಬೇಕು ಎಂದು ಯಜಮಾನರೇ ಬಂದರೆ ಅವರನ್ನು ಬೋರ್ಡ್ ಮುಂದೆ ನಿಲ್ಲಿಸಿ, ಈಗಿರುವುದನ್ನು ಕಿತ್ತು ಕೈಗೆ ಕೊಡಿ ಎನ್ನಿ.