ಸ್ಪಾಂಡಿಲೈಟಿಸ್ ಇರುವವರು ಸೊಂಟದ ಕೀಲನ್ನು ಕಾಪಾಡಿಕೊಳ್ಳುವ ಬಗೆ
ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಉರಿಯೂತದಿಂದ ಬೆನ್ನುಮೂಳೆ ಬಿಗಿಯುತ್ತಾ ಹೋಗುವ ಕಾಯಿಲೆ) ಅಂದ ಕೂಡಲೇ ಎಲ್ಲರ ಗಮನ ಬೆನ್ನಿನ ಮೇಲೆ. ಆದರೆ ಈ ಕಾಯಿಲೆಯಲ್ಲಿ ಓಡಾಟಕ್ಕೇ ಕುತ್ತು ತರುವುದು ಬಹಳ ಸಲ ಸೊಂಟದ ಕೀಲು, ಅಂದರೆ ತೊಡೆಮೂಳೆ ಸೊಂಟಕ್ಕೆ ಕೂಡುವ ಹಿಪ್ ಜಾಯಿಂಟ್. ಎಳೆಯ ವಯಸ್ಸಿನಲ್ಲೇ ಕಾಯಿಲೆ ಶುರುವಾದವರಿಗೆ ಈ ಅಪಾಯ ಹೆಚ್ಚು, ಸಾಮಾನ್ಯವಾಗಿ ಎರಡೂ ಕಡೆ.

ನೋವಿನ ಜಾಗ ಮೊದಲು ಗುರುತಿಸಿ. ಕುಂಡೆಯ ಆಳದಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬರುವ ನೋವು ಹೆಚ್ಚಾಗಿ ಬೆನ್ನಿನ ಬುಡದ ಸ್ಯಾಕ್ರೋಇಲಿಯಾಕ್ ಕೀಲಿನದು. ಸೊಂಟದ ಕೀಲಿನ ನೋವು ಕಾಣಿಸಿಕೊಳ್ಳುವುದು ತೊಡೆಸಂದಿನಲ್ಲಿ. ಕೆಲವರಿಗೆ ಅದು ಬರೀ ಮೊಣಕಾಲಲ್ಲಿ ಕಾಣಿಸಿ ದಾರಿ ತಪ್ಪಿಸುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು, ಸಾಕ್ಸ್ ಹಾಕಲು, ಬೈಕ್ ಮೇಲೆ ಕಾಲು ಎತ್ತಿ ಹಾಕಲು ಕಷ್ಟವಾದರೆ ಕೀಲು ಬಿಗಿಯುತ್ತಿದೆ ಎಂದೇ ತಿಳಿಯಿರಿ.

ತಿಂಗಳಿಗೊಮ್ಮೆ ಅಳೆಯಿರಿ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸದೆ ಎರಡೂ ಕಾಲನ್ನು ಆದಷ್ಟು ಅಗಲಿಸಿ. ಎರಡೂ ಕಾಲಿನ ಪಾದದ ಗಂಟಿನಲ್ಲಿ ಒಳಬದಿಗೆ ಉಬ್ಬಿರುವ ಮೂಳೆಗಳ ನಡುವಿನ ಅಂತರವನ್ನು ಟೈಲರ್ ಟೇಪಿನಲ್ಲಿ ಮನೆಯವರು ಹಿಡಿದು ನೋಡಲಿ. 100 ಸೆಂ.ಮೀ. ಮೀರಿದ್ದರೆ ಒಳ್ಳೆಯದು, 70ಕ್ಕಿಂತ ಕಡಿಮೆಯಿದ್ದರೆ ಕೀಲು ಸಾಕಷ್ಟು ಬಿಗಿದಿದೆ. ಆಮೇಲೆ ಒಂದು ಮೊಣಕಾಲನ್ನು ಎದೆಗೆ ಎಳೆದುಕೊಳ್ಳಿ. ಇನ್ನೊಂದು ತೊಡೆ ನೆಲ ಬಿಟ್ಟು ಮೇಲೆದ್ದರೆ ಆ ಕಡೆಯ ಕೀಲು ಮಡಿಚಿಕೊಂಡೇ ನಿಲ್ಲತೊಡಗಿದೆ. ಸಂಖ್ಯೆಗಳನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ; ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐಯಲ್ಲಿ ಉರಿಯೂತ ಸಿಗುತ್ತದೆ.

ಮಡಿಚಿಕೊಳ್ಳುವುದನ್ನು ತಡೆಯಲು ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಬೋರಲು ಮಲಗುವುದು. ಗಟ್ಟಿ ಹಾಸಿಗೆಯ ಮೇಲೆ 5 ನಿಮಿಷದಿಂದ ಶುರುಮಾಡಿ 15–20 ನಿಮಿಷಕ್ಕೆ ಏರಿಸಿ, ದಿನಕ್ಕೆ ಎರಡು ಸಲ. ಕುತ್ತಿಗೆ ತಿರುಗದಿದ್ದರೆ ಎದೆಯ ಕೆಳಗೆ ದಿಂಬು, ಹಣೆಯ ಕೆಳಗೆ ಮಡಿಸಿದ ಟವೆಲ್ ಇಡಿ. ಅಂಗಾತ ಮಲಗುವಾಗ ಮೊಣಕಾಲ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ನಿಜ. ಆದರೆ ರಾತ್ರಿಯಿಡೀ ಹಾಗೇ ಮಲಗಿದರೆ ಕೀಲು ಬಾಗಿದ ಭಂಗಿಗೇ ಒಗ್ಗಿಬಿಡುತ್ತದೆ. ದಯವಿಟ್ಟು ಬೇಡ. ಕೆಲಸದ ನಡುವೆ ಆಗಾಗ ಎದ್ದು ನಿಲ್ಲಿ. ಈಜು ಬಂದರೆ ಬಹಳ ಒಳ್ಳೆಯದು.

ವ್ಯಾಯಾಮವೊಂದರಿಂದಲೇ ಉರಿಯೂತ ಇಳಿಯದು. ಡಾಕ್ಟರು ಕೊಡುವ ನೆಪ್ರಾಕ್ಸೆನ್, ಎಟೋರಿಕಾಕ್ಸಿಬ್‌ನಂಥ ಮಾತ್ರೆಗಳಲ್ಲಿ ಎರಡನ್ನು ಒಂದಾದ ಮೇಲೊಂದು ಕೆಲವು ವಾರ ಸರಿಯಾಗಿ ತೆಗೆದುಕೊಂಡೂ ಗುಣ ಕಾಣದಿದ್ದರೆ, ಬಯಾಲಜಿಕ್ ಇಂಜೆಕ್ಷನ್ (ಉರಿಯೂತದ ಮೂಲಕ್ಕೇ ತಡೆಯೊಡ್ಡುವ ಔಷಧಿ) ಬಗ್ಗೆ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಮಾತಾಡಿ. ಅದಕ್ಕೆ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿರುವ ಸೋಂಕು ಈ ಔಷಧಿಯಿಂದ ಎದ್ದುಬರಬಹುದು. ಹೆಸರು ಬರೆಯದ ಪುಡಿ, ಮಾತ್ರೆಗಳನ್ನು ಮುಟ್ಟಬೇಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಮೂಳೆಯೇ ಕುಸಿಯಬಹುದು.

ಜ್ವರದ ಜೊತೆ ಕಾಲೂರಲಾಗದಷ್ಟು ನೋವು ಬಂದರೆ, ಅಥವಾ ಬಿದ್ದ ಮೇಲೆ ನೋವು ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸೋಂಕು ಅಥವಾ ಮುರಿತ ಇರಬಹುದು.

ಕೀಲು ಪೂರ್ತಿ ಸವೆದಿದ್ದರೆ, ವಯಸ್ಸು ಚಿಕ್ಕದೆಂದು ಬದಲಿ ಕೀಲಿನ ಆಪರೇಷನ್ ಮುಂದೂಡುತ್ತಾ ವರ್ಷಗಟ್ಟಲೆ ನರಳಬೇಕಿಲ್ಲ. ಆದರೆ ಕುತ್ತಿಗೆ ಬಾಗದಿದ್ದರೆ, ಬಾಯಿ ಪೂರ್ತಿ ತೆರೆಯದಿದ್ದರೆ ಅದನ್ನು ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ, ಉಸಿರಿನ ಕೊಳವೆ ಹಾಕಲು ಅವರು ಬೇರೆ ತಯಾರಿ ಮಾಡಿಕೊಳ್ಳಬೇಕು. ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಕೊನೆಯ ಡೋಸ್ ಯಾವಾಗ ಎಂಬುದನ್ನೂ ತಿಳಿಸಿ. ಮುಂದಿನ ಡೋಸ್‌ನ ದಿನ ನೋಡಿಕೊಂಡು ಆಪರೇಷನ್ ತಾರೀಖು ಗೊತ್ತುಮಾಡುತ್ತಾರೆ.