ರಫ್‌ನಿಂದ ಫೇರ್‌ವರೆಗೆ: ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಬರಹ ಅಳೆಯುವುದು ಹೇಗೆ?

"ರಿವಿಜನ್ ಆಯ್ತಾ?" ಎಂದು ಕೇಳಿದರೆ ನಮ್ಮ ಮಕ್ಕಳು "ಇನ್ನೂ ಎರಡು ಪಾಠ ಬಾಕಿ ಇದೆ ಟೀಚರ್" ಎನ್ನುತ್ತಾರೆ. ಅವರಿಗೆ ರಿವಿಜನ್ ಅಂದರೆ ಪರೀಕ್ಷೆಗೆ ಮುಂಚೆ ಪಾಠವನ್ನು ಇನ್ನೊಮ್ಮೆ ಓದುವುದು. ಬರೆದದ್ದನ್ನು ಮತ್ತೆ ಬರೆಯುವುದಕ್ಕೆ ಅವರ ಬಳಿ ಬೇರೆ ಮಾತಿದೆ: ಫೇರ್ ಮಾಡುವುದು. ಅಂದರೆ ಮಾರ್ಜಿನ್ ಎಳೆದು, ಅಕ್ಷರ ದುಂಡಗೆ ಮಾಡಿ, ರಫ್ ಬುಕ್ಕಿನ ಅದೇ ವಾಕ್ಯಗಳನ್ನು ಇಳಿಸುವುದು. ಬರೆದದ್ದನ್ನು ಓದಿ, ಯೋಚಿಸಿ, ಬದಲಿಸುವುದು ಅದರಲ್ಲಿ ಇಲ್ಲವೇ ಇಲ್ಲ. ಆ ಕೆಲಸವನ್ನು ನಾವು ಕಲಿಸಲೂ ಇಲ್ಲ, ಅದಕ್ಕೆ ಅಂಕ ಕೊಟ್ಟೂ ಇಲ್ಲ.

ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಜಾಸ್ತಿ ಬೇಕು. ಮನೆಯಲ್ಲಿ ತುಳುವೋ ಕುಂದಾಪುರದ ಕನ್ನಡವೋ ವಿಜಯಪುರದ ಕನ್ನಡವೋ ಇರುತ್ತದೆ. ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೂ ಉಂಟು. ಇಷ್ಟೆಲ್ಲ ದಾಟಿ ಇಂಗ್ಲಿಷ್ ಬರುತ್ತದೆ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ಕ್ಲಾಸಿನಲ್ಲಿ ಅದು ಮೂರನೇ ಭಾಷೆ. 80 ಅಂಕದ ಪತ್ರಿಕೆಯಲ್ಲಿ 20 ಅಂಕ ಬರವಣಿಗೆಗೇ ಇದೆ: ಪತ್ರ, ಸಂಭಾಷಣೆ ಅಥವಾ ಭಾಷಣ, ಕಥೆ ಬೆಳೆಸುವುದು, ಇಂಥವು. ಗೈಡ್ ಬಾಯಿಪಾಠ ಮಾಡಿದರೆ ಅಂಕ ಬಂದೀತು. ಬರೆಯಲು ಬಂತೇ ಎಂಬುದು ಬೇರೆ ಮಾತು.

ನಾನು ಎಂಟು, ಒಂಬತ್ತನೇ ಕ್ಲಾಸಿಗೆ ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಒಂದು ಬರಹಕ್ಕೆ ಎರಡು ವಾರ ಹಿಡಿಯುತ್ತದೆ.

ವಿಷಯ ಕೊಡುವುದು

"ರೈನಿ ಸೀಸನ್" ಎಂದು ಕೊಟ್ಟರೆ ಗೈಡಿನ ಪ್ರಬಂಧವೇ ಬರುತ್ತದೆ. "ಮಳೆಯಿಂದ ನೀನು ಮನೆಗೆ ತಡವಾಗಿ ಮುಟ್ಟಿದ ಒಂದು ದಿನ" ಎಂದು ಕೊಡಿ. ಅದು ಯಾವ ಗೈಡಿನಲ್ಲೂ ಸಿಗುವುದಿಲ್ಲ. ಕ್ಲಾಸಿನಲ್ಲೇ ಅರ್ಧ ಗಂಟೆ ಬರೆಸಿ. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲಿ. ರಬ್ಬರ್, ವೈಟ್ನರ್ ಬೇಡ. ತಪ್ಪಾದರೆ ಒಂದೇ ಗೀಟು ಹಾಕಿ ಹೊಡೆದುಹಾಕಲಿ. ಆ ಗೀಟುಗಳು ನಮಗೆ ಬೇಕು.

ಪೆನ್ನು ಇಲ್ಲದೆ ಓದುವುದು

ಇದು ನನಗೆ ತುಂಬ ಕಷ್ಟವಾಯಿತು. ಮೊದಲು ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನೋಟ್‌ಬುಕ್ ತಪಾಸಣೆ ಮಾಡುವವರು ಪುಟದಲ್ಲಿ ಕೆಂಪು ಶಾಯಿ ಎಷ್ಟಿದೆ ಎಂದೇ ನೋಡುತ್ತಿದ್ದರು. ಶಾಯಿ ಕಮ್ಮಿಯಾದರೆ ಟೀಚರ್ ಓದಿಲ್ಲ ಎಂದು ಅರ್ಥ. ಹಾಗಾಗಿ ನಾನು ವರ್ಷಗಟ್ಟಲೆ ಪ್ರತಿ ತಪ್ಪಿಗೂ ಸುತ್ತು ಹಾಕಿದೆ. ಮಕ್ಕಳು ಅಂಕ ನೋಡಿ ನೋಟ್‌ಬುಕ್ ಮುಚ್ಚಿಡುತ್ತಿದ್ದರು. ಮುಂದಿನ ತಿಂಗಳು ಅವೇ ತಪ್ಪುಗಳು.

ಈಗ ಮೊದಲ ಓದಿನಲ್ಲಿ ಪೆನ್ನು ಮುಟ್ಟುವುದಿಲ್ಲ. ಮಗು ಏನು ಹೇಳಲು ಹೊರಟಿದೆ, ಎಲ್ಲಿ ಕೈಬಿಟ್ಟಿದೆ ಎಂದಷ್ಟೇ ನೋಡುತ್ತೇನೆ. ಆಮೇಲೆ ಕೆಳಗೆ ಎರಡು ಪ್ರಶ್ನೆ ಬರೆಯುತ್ತೇನೆ. ಅಂಕ ಇಲ್ಲ, "ಗುಡ್" ಕೂಡ ಇಲ್ಲ. ಅಂಕ ಬಿದ್ದ ಕೂಡಲೇ ಮಗುವಿಗೆ ಕೆಲಸ ಮುಗಿದಂತೆ. 1988ರಲ್ಲಿ ರೂತ್ ಬಟ್ಲರ್ ಎಂಬವರು ಇಸ್ರೇಲಿನ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲೂ ಬರೀ ಟಿಪ್ಪಣಿ ಸಿಕ್ಕವರು ಮುಂದುವರಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ.

ಒಂಬತ್ತನೆಯ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: "ರೈನಿ ಸೀಸನ್ ಈಸ್ ಎ ವೆರಿ ಗುಡ್ ಸೀಸನ್. ಒನ್ ಡೇ ಟ್ರೇನ್ ವಾಸ್ ಸ್ಟಾಪ್ಡ್. ವಿ ಆಲ್ ವಾಕ್ಡ್. ಇಟ್ ವಾಸ್ ವೆರಿ ಡಿಫಿಕಲ್ಟ್." ನಾನು ಕೇಳಿದ್ದು ಎರಡೇ: ಟ್ರೇನ್ ಎಲ್ಲಿ ನಿಂತಿತು? ನಿನ್ನ ಜೊತೆ ಯಾರಿದ್ದರು?

ವ್ಯಾಕರಣ ಏನು ಮಾಡುವುದು?

ಇದರ ಬಗ್ಗೆ ಸಂಶೋಧಕರಲ್ಲೇ ಜಗಳ ಇದೆ. ಎರಡನೇ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದರಿಂದ ಉಪಯೋಗವಿಲ್ಲ, ಅದನ್ನು ಬಿಡಬೇಕು ಎಂದು 1996ರಲ್ಲಿ ಜಾನ್ ಟ್ರಸ್ಕಾಟ್ ವಾದಿಸಿದರು. 1999ರಲ್ಲಿ ಡೇನಾ ಫೆರಿಸ್ ಅದಕ್ಕೆ ಎದುರು ಬರೆದರು. ನನ್ನ ಅನುಭವದಲ್ಲಿ ಪೂರ್ತಿ ಬಿಡುವುದೂ ಸರಿಯಲ್ಲ, ಎಲ್ಲವನ್ನೂ ಹಿಡಿಯುವುದೂ ಸರಿಯಲ್ಲ. ಒಂದು ಬರಹದಲ್ಲಿ ಎರಡೇ ಬಗೆಯ ತಪ್ಪನ್ನು ಆರಿಸಿ. ಗೆರೆಯ ಅಂಚಿನಲ್ಲಿ ಒಂದು ಚುಕ್ಕಿ ಇಡಿ. ಆ ಗೆರೆಯಲ್ಲಿ ತಪ್ಪು ಎಲ್ಲಿದೆ ಎಂದು ಮಗುವೇ ಹುಡುಕಲಿ.

ಯಾವುದನ್ನು ಆರಿಸಬೇಕು? ನಮ್ಮ ಭಾಷೆಯಿಂದಲೇ ಬಂದದ್ದನ್ನು. ಕನ್ನಡದಲ್ಲಿ "ಎ", "ದಿ" ಇಲ್ಲ. ಹಾಗಾಗಿ ಮಕ್ಕಳು ಅವನ್ನು ಬಿಡುತ್ತಾರೆ, ಇಲ್ಲವೇ ಬೇಡದ ಕಡೆ ಹಾಕುತ್ತಾರೆ. "ಚಿಕ್ಕ ಚಿಕ್ಕ ಮಕ್ಕಳು" ಎಂಬುದು "ಸ್ಮಾಲ್ ಸ್ಮಾಲ್ ಚಿಲ್ಡ್ರನ್" ಆಗುತ್ತದೆ. "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ನೀವೂ ಕೇಳಿರುತ್ತೀರಿ, ಅಲ್ವಾ? ಕಾರಣ ಹೇಳಿ ತೋರಿಸಿದರೆ ಮಕ್ಕಳಿಗೆ ನಾಚಿಕೆಯಾಗುವುದಿಲ್ಲ. ತಮ್ಮ ಕನ್ನಡ ಇಂಗ್ಲಿಷ್‌ನೊಳಗೆ ಹೇಗೆ ಬಂದು ಕೂತಿದೆ ಎಂದು ತಾವೇ ಹುಡುಕಲು ಶುರು ಮಾಡುತ್ತಾರೆ.

ಎರಡನೇ ಸಲ ಬರೆಸುವುದು

ಒಂದು ವಾರ ಬಿಟ್ಟು ಹಾಳೆ ವಾಪಸ್ ಕೊಡಿ. ಮರುದಿನವೇ ಕೊಟ್ಟರೆ ಮಗುವಿಗೆ ತನ್ನ ಬರಹ ಹೊಸದಾಗಿ ಕಾಣುವುದಿಲ್ಲ. ಬೇರೆ ಹಾಳೆಯಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಲಿ. ಅದೇ ಹುಡುಗಿ ಎರಡನೇ ಸಲ ಬರೆದದ್ದು:

"ದಿ ಟ್ರೇನ್ ಸ್ಟಾಪ್ಡ್ ಬಿಫೋರ್ ಕುರ್ಲಾ. ಮೈ ಫಾದರ್ ರಿಮೂವ್ಡ್ ಹಿಸ್ ಚಪ್ಪಲ್ಸ್ ಅಂಡ್ ಗೇವ್ ಟು ಮಿ. ಐ ಹೆಲ್ಡ್ ಚಪ್ಪಲ್ಸ್ ಇನ್ ಒನ್ ಹ್ಯಾಂಡ್ ಅಂಡ್ ಹಿಸ್ ಶರ್ಟ್ ಇನ್ ಅದರ್ ಹ್ಯಾಂಡ್."

ವ್ಯಾಕರಣದ ತಪ್ಪು ಇನ್ನೂ ಇವೆ. "ದೆಮ್" ಇಲ್ಲ, "ದಿ" ಬಿಟ್ಟುಹೋಗಿದೆ. ತಪ್ಪು ಮಾತ್ರ ಎಣಿಸಿದರೆ ಮೊದಲನೆಯದಕ್ಕೇ ಅಂಕ ಜಾಸ್ತಿ ಬೀಳುತ್ತದೆ. ಹಳಿಯ ಮೇಲೆ ನೀರು ತುಂಬಿದ ಸಂಜೆ ಅಪ್ಪನ ಅಂಗಿ ಹಿಡಿದು ನಡೆದ ಮಗು ಎರಡನೆಯದರಲ್ಲಿ ಮಾತ್ರ ಇದೆ. ನಾವು ಅಳೆಯಬೇಕಾದದ್ದು ಈ ಎರಡು ಹಾಳೆಗಳ ನಡುವಿನ ದೂರವನ್ನು.

ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು

ಬದಲಾವಣೆ ನಾಲ್ಕು ಬಗೆ: ಸೇರಿಸಿದ್ದು, ತೆಗೆದದ್ದು, ಒಂದರ ಬದಲು ಇನ್ನೊಂದು ಹಾಕಿದ್ದು, ಜಾಗ ಬದಲಿಸಿದ್ದು. 1980ರಲ್ಲಿ ನ್ಯಾನ್ಸಿ ಸೋಮರ್ಸ್ ಅಮೆರಿಕದಲ್ಲಿ 20 ಕಾಲೇಜು ವಿದ್ಯಾರ್ಥಿಗಳ ಮತ್ತು 20 ಪಳಗಿದ ಬರಹಗಾರರ ಕರಡುಗಳನ್ನು ಹೀಗೇ ಹೋಲಿಸಿದರು. ವಿದ್ಯಾರ್ಥಿಗಳು ಹೆಚ್ಚಾಗಿ ಪದಗಳನ್ನಷ್ಟೇ ಮುಟ್ಟಿದ್ದರು. ಪಳಗಿದವರು ಇಡೀ ವಾದದ ಆಕಾರವನ್ನೇ ಹುಡುಕುತ್ತಿದ್ದರು. ಅಂದರೆ ಕಾಲೇಜಿನ ಹುಡುಗರಿಗೂ ಇದು ಸುಲಭವಾಗಿ ಬಂದಿರಲಿಲ್ಲ. ನಮ್ಮ ಮಕ್ಕಳಿಗೆ ಒಂದೇ ವರ್ಷದಲ್ಲಿ ಬರಬೇಕೆಂದು ಅವಸರ ಮಾಡುವುದು ಬೇಡ.

ಅಂಚಿನಲ್ಲಿ ಸೇ, ತೆ, ಬ, ಜಾ ಎಂದು ಬರೆದುಕೊಳ್ಳಿ. ಬರೀ "ಬ" ತುಂಬಿದ್ದರೆ ಮಗು ಇನ್ನೂ ಪದದ ಮಟ್ಟದಲ್ಲಿದೆ. ಒಂದು "ತೆ" ಕಂಡರೆ ನನಗೆ ಖುಷಿ. ಕಷ್ಟಪಟ್ಟು ಬರೆದ ಇಂಗ್ಲಿಷ್ ವಾಕ್ಯವನ್ನು ಹೊಡೆದುಹಾಕಲು ಮಕ್ಕಳಿಗೆ ಧೈರ್ಯ ಬೇಕು.

ಆಮೇಲೆ ಎರಡು ನಿಮಿಷ ಮಾತಾಡಿಸಿ, ಕನ್ನಡದಲ್ಲೇ. "ಇದನ್ನು ಯಾಕೆ ತೆಗೆದೆ?" ಇಂಗ್ಲಿಷ್‌ನಲ್ಲಿ ಕೇಳಿದರೆ ಮಗು ಸುಮ್ನೆ ನಿಲ್ಲುತ್ತದೆ. ಆಗ ಯೋಚನೆ ಇಲ್ಲವೋ ಮಾತು ಬರುತ್ತಿಲ್ಲವೋ ನಮಗೆ ತಿಳಿಯುವುದಿಲ್ಲ.

ಅಂಕ ಹಂಚುವುದು

ನಾನು 20ಕ್ಕೆ ಹೀಗೆ ಹಂಚುತ್ತೇನೆ: ವಿಷಯಕ್ಕೆ 6, ಜೋಡಣೆಗೆ 4, ಪದ ಮತ್ತು ವಾಕ್ಯಕ್ಕೆ 4, ವ್ಯಾಕರಣ ಮತ್ತು ಸ್ಪೆಲ್ಲಿಂಗಿಗೆ 2, ತಿದ್ದಿ ಬರೆದದ್ದಕ್ಕೆ 4. ವ್ಯಾಕರಣಕ್ಕೆ ಕಮ್ಮಿಯಾಯಿತು ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂದೇ ಬರುತ್ತದೆ. ನಿಮ್ಮ ಕ್ಲಾಸಿಗೆ ಬೇಕಾದಂತೆ ಬದಲಿಸಿಕೊಳ್ಳಿ, ಆದರೆ ಕೊನೆಯ 4 ಬಿಡಬೇಡಿ. ಅದೇ ನಕಲಾದರೆ 0. ಸ್ಪೆಲ್ಲಿಂಗ್ ಮಾತ್ರ ಸರಿಯಾದರೆ 1. ವಾಕ್ಯ ಬದಲಾದರೆ 2. ವಿಷಯವೇ ಸೇರಿದರೆ, ಕಳೆದರೆ ಅಥವಾ ಜಾಗ ಬದಲಾದರೆ 3. ಜೊತೆಗೆ ಯಾಕೆ ಎಂದು ಹೇಳಲು ಬಂದರೆ 4.

ಕೆಲವು ಸಲ ತಿದ್ದಿದ ಮೇಲೆ ಬರಹ ಕೆಡುತ್ತದೆ. ಆಗಲೂ ಈ 4ರಲ್ಲಿ ಕಡಿಮೆ ಮಾಡಬೇಡಿ. ಮೊದಲ ಸಲವೇ ಚೆನ್ನಾಗಿ ಬರೆದ ಮಗು ಏನೂ ಬದಲಿಸದೆ, ಯಾಕೆ ಬದಲಿಸಲಿಲ್ಲ ಎಂದು ಸರಿಯಾಗಿ ಹೇಳಿದರೆ ಪೂರ್ತಿ ಕೊಡಿ.

ಬೇರೆಯವರ ಬರಹ ತಿದ್ದಿಸುವುದು

ತನ್ನ ಬರಹದ ಮೇಲೆ ಎಲ್ಲರಿಗೂ ಮಮತೆ ಇರುತ್ತದೆ. ಅದಕ್ಕೆ ಟರ್ಮಿಗೊಮ್ಮೆ ಬೇರೆ ಪರೀಕ್ಷೆ ಮಾಡಿ. ಗಲ್ಲಿಯ ಕಸದ ಬಗ್ಗೆ ವಾರ್ಡ್ ಆಫೀಸಿಗೆ ಬರೆದ ಒಂದು ಪತ್ರವನ್ನು ನೀವೇ ತಯಾರಿಸಿ. ಒಂದು ವಾಕ್ಯ ತಪ್ಪು ಜಾಗದಲ್ಲಿರಲಿ. ಒಂದು ವಾಕ್ಯ ಸಂಬಂಧವೇ ಇಲ್ಲದ್ದಿರಲಿ. ಯಾವ ಗಲ್ಲಿ ಎಂಬುದೇ ಬಿಟ್ಟುಹೋಗಿರಲಿ. 15 ನಿಮಿಷ ಕೊಡಿ. ಗಲ್ಲಿಯ ಹೆಸರಿಲ್ಲ ಎಂದು ಹಿಡಿಯುವ ಮಗು ಓದುವವರ ಕಡೆಯಿಂದ ಯೋಚಿಸುತ್ತಿದೆ. ಸ್ಪೆಲ್ಲಿಂಗ್ ಮಾತ್ರ ಹುಡುಕಿದವರಿಗೆ ಮುಂದೆ ಏನು ಕಲಿಸಬೇಕು ಎಂದು ನಿಮಗೆ ಗೊತ್ತಾಗುತ್ತದೆ.

ನಿಮ್ಮ ಅಂಕವನ್ನೂ ಪರೀಕ್ಷಿಸಿ

ಐದು ಹಾಳೆ ಆರಿಸಿ, ಹೆಸರು ಮುಚ್ಚಿ, ಇನ್ನೊಬ್ಬ ಟೀಚರಿಗೆ ಕೊಡಿ. ನಿಮ್ಮ ಅಂಕ ತೋರಿಸಬೇಡಿ. 20ರಲ್ಲಿ ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ಕಡೆ ಕೂತು ಮಾತಾಡಿ. ಕನ್ನಡ ಶಾಲೆಗಳಲ್ಲಿ ಇಂಗ್ಲಿಷಿಗೆ ಒಬ್ಬರೇ ಟೀಚರ್ ಇರುವುದುಂಟು. ಆಗ ಹತ್ತಿರದ ಶಾಲೆಯವರನ್ನು ಕೇಳಿ. ನಾನು ಮಾಟುಂಗಾದಿಂದ ಡೊಂಬಿವಲಿಯ ಗೆಳತಿಗೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತೇನೆ.

ನಲವತ್ತು ಮಕ್ಕಳಿದ್ದರೆ ಇಷ್ಟೆಲ್ಲ ಒಟ್ಟಿಗೆ ಆಗುವುದಿಲ್ಲ. ಎಲ್ಲರಿಗೂ ಎರಡು ಸಲ ಬರೆಸಿ. ಪ್ರಶ್ನೆ, ಹೋಲಿಕೆ, ಮಾತು ಇವೆಲ್ಲ ಸಲಕ್ಕೆ ಹತ್ತು ಮಕ್ಕಳಿಗೆ ಸಾಕು. ನಾಲ್ಕು ಬರಹ ಮುಗಿಯುವಷ್ಟರಲ್ಲಿ ಎಲ್ಲರ ಸರದಿ ಬರುತ್ತದೆ. ಹತ್ತನೆಯವರಿಗೆ ಬೋರ್ಡ್ ಪರೀಕ್ಷೆಯಲ್ಲಿ ಎರಡನೇ ಹಾಳೆ ಸಿಗುವುದಿಲ್ಲ. ಅವರಿಗೆ ಕೊನೆಯ ಹತ್ತು ನಿಮಿಷ ಬರೆಯದೆ ಓದುವ ಅಭ್ಯಾಸ ಮಾಡಿಸಿ.

ಎರಡೂ ಹಾಳೆಗಳನ್ನು ಪಿನ್ ಮಾಡಿ ಫೈಲಿನಲ್ಲಿಡಿ. ಪಾಲಕರ ಸಭೆಯಲ್ಲಿ ಅಂಕಪಟ್ಟಿಗೆ ಮುಂಚೆ ಅದನ್ನು ತೆಗೆಯಿರಿ. ಇಂಗ್ಲಿಷ್ ಓದಲು ಬಾರದ ಅಪ್ಪ ಅಮ್ಮ ಇದ್ದರೆ ಮಗುವಿನ ಕೈಯಲ್ಲೇ ಕೊಡಿ. ಮೊದಲು ಏನಿತ್ತು, ಆಮೇಲೆ ಏನಾಯಿತು ಎಂದು ಅದು ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ. ಆ ಚಪ್ಪಲಿಯ ಬರಹ ಕೇಳಿಸಿಕೊಂಡು ಹುಡುಗಿಯ ಅಪ್ಪ ನನ್ನನ್ನು ಕೇಳಿದ್ದು ಒಂದೇ: "ಟೀಚರ್, ಈ ಹಾಳೆ ಮನೆಗೆ ತಗೊಂಡು ಹೋಗಬಹುದಾ?" ಜೆರಾಕ್ಸ್ ಮಾಡಿಸಿ ಕೊಟ್ಟೆ.